ಹಿಮ್ಮಡಿಯ ಋಣ

ಅವತ್ತಿನ ರಗಳೆಗೆಲ್ಲ ಕಾರಣ ಇಷ್ಟೇ: ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟಾಗ ಮಾನೊಲ್‌ನ ಎಡಗಾಲಿನ ಹಿಮ್ಮಡಿ ನೋಯಲಿಲ್ಲ.

ಅವನು ಮೊದಲು ನಂಬಲಿಲ್ಲ. ದಿನಾ ಹೊಸಿಲಲ್ಲೇ ಕಾದಿದ್ದು ಬೊಗಳುವ ನಾಯಿ ಒಂದು ದಿನ ಸುಮ್ಮನಿದ್ದರೆ ಮನುಷ್ಯನಿಗೆ ಇನ್ನಷ್ಟು ಭಯವಾಗುತ್ತದಲ್ಲ, ಹಾಗಾಯಿತು. ಕಾಲೆತ್ತಿ ಇನ್ನೊಮ್ಮೆ ಊರಿದ. ಇಲ್ಲ. ಕಿಟಕಿಯವರೆಗೆ ನಡೆದ, ತಿರುಗಿ ಬಂದ. ನೋವು ಎಲ್ಲೂ ಇಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿ ಸೇವ್ದಾಳಿಗೆ ಕೇಳುವಂತೆ ಅವನು ಒಂದು ಸಲ ಕುಣಿದೇಬಿಟ್ಟ. ಅಲ್ಲೇ ಅವನು ತಪ್ಪಿದ್ದು.

ಮಾನೊಲ್ ರೊಡೋಪಿ ಬೆಟ್ಟಗಳಲ್ಲಿ ಬೆಟ್ಟಕ್ಕೆ ಒರಗಿಸಿಟ್ಟ ಏಣಿಯಂತಿರುವ ಒಂದು ಊರಿನ ಕ್ಷೌರಿಕ. ಅಲ್ಲಿ ಪಕ್ಕದ ಬೀದಿಗೆ ಹೋಗುವುದೆಂದರೆ ಒಂದೋ ಹತ್ತಬೇಕು, ಇಲ್ಲ ಇಳಿಯಬೇಕು. ಅಂಗಡಿಯ ಸಿಮೆಂಟು ನೆಲದ ಮೇಲೆ ಕಾಗದದಂಥ ಚಪ್ಪಲಿಯಲ್ಲಿ ನಿಂತು ಊರಿನ ಎರಡು ತಲೆಮಾರಿನ ತಲೆಗಳನ್ನು ಅವನು ಸರಿಮಾಡಿದ್ದ. ಕಳೆದ ಚಳಿಗಾಲದಲ್ಲಿ ಅವನ ಹಿಮ್ಮಡಿ ತಿರುಗಿಬಿತ್ತು. ಬೆಳಗಿನ ಮೊದಲ ಹೆಜ್ಜೆಗೆ ಮೊಳೆ ತುಳಿದ ಹಾಗೆ ಆಗುತ್ತಿತ್ತು. ನಡೆಯುತ್ತ ನಡೆಯುತ್ತ ಸ್ವಲ್ಪ ಇಳಿಯುತ್ತಿತ್ತು, ಗಿರಾಕಿಯಿಲ್ಲವೆಂದು ಒಂದು ಗಳಿಗೆ ಕೂತು ಎದ್ದರೆ ಮತ್ತೆ ಮೊಳೆ.

ಬೀದಿಯವರು ಸುಮ್ಮನಿರುವವರೇ? ಹಿಮ್ಮಡಿಯ ಮೂಳೆಯಲ್ಲಿ ಮುಳ್ಳು ಬೆಳೆದಿದೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಪಕ್ಕದ ಮನೆಯ ಶಿಂಕಾ ಅಜ್ಜಿ ತನ್ನ ಉಪ್ಪಿನಕಾಯಿ ಪೀಪಾಯಿಯಿಂದ ಎಲೆಕೋಸಿನ ಎಲೆ ತೆಗೆದು ತಂದು ಕಾಲಿಗೆ ಸುತ್ತಿದಳು. ಎದುರುಮನೆಯ ಝಪ್ರಿನ್, ಅರಣ್ಯ ಇಲಾಖೆಯಿಂದ ನಿವೃತ್ತನಾದವನು, ತಾನೇ ಭಟ್ಟಿ ಇಳಿಸಿದ ಪ್ಲಮ್ ರಕಿಯಾದಲ್ಲಿ ಬಟ್ಟೆ ಅದ್ದಿ ಕಟ್ಟಿದ. ಅರ್ಧ ಹಿಮ್ಮಡಿಗೆ, ಅರ್ಧ ಗಂಟಲಿಗೆ ಎಂಬುದು ಅವನ ಪದ್ಧತಿ. ಮಾನೊಲ್ ತಿಂಗಳುಗಟ್ಟಲೆ ಹುಳಿಕೋಸಿನ ವಾಸನೆ ಹೊಡೆಯುತ್ತ, ಸ್ವಲ್ಪ ತೂರಾಡುತ್ತ ಕ್ಷೌರ ಮಾಡಿದ. ಯಾರದೋ ಮೀಸೆ ಒಂದು ಕಡೆ ಗಿಡ್ಡವಾದ ಮೇಲೆ ಸೇವ್ದಾ ಅವನನ್ನು ಕೆಳಕೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ರುಸೇವಾ ಚಿಕ್ಕ ವಯಸ್ಸಿನವಳು. ಅವಳು ಹಿಮ್ಮಡಿಯ ಒಳಬದಿಯಲ್ಲಿ ಹೆಬ್ಬೆರಳಿಟ್ಟು ಒಂದೇ ಸಲ ಒತ್ತಿದ್ದಕ್ಕೆ ಮಾನೊಲ್ ಸಂತರನ್ನೆಲ್ಲ ಹೆಸರು ಹಿಡಿದು ಕರೆದ. ಆಮೇಲೆ ಅವಳು ನಿಧಾನವಾಗಿ ವಿವರಿಸಿದಳು. ಮುಳ್ಳು ಇದ್ದರೂ ಇರಬಹುದು, ಎಷ್ಟೋ ಜನರ ಕಾಲಲ್ಲಿ ಅದು ಸುಮ್ಮನೆ ಬಿದ್ದಿರುತ್ತದೆ, ತಪ್ಪು ಅದರದಲ್ಲ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿಯಿದೆ. ಅಂಗಾಲಿನ ಕಮಾನು ಬಿಲ್ಲಾದರೆ ಆ ಪಟ್ಟಿ ಅದರ ಹೆದೆ. ವರ್ಷಗಟ್ಟಲೆ ಗಟ್ಟಿ ನೆಲದ ಮೇಲೆ ನಿಂತು ನಿಂತು ಹೆದೆ ಹಿಮ್ಮಡಿಯ ಹತ್ತಿರ ನವೆದಿದೆ. ರಾತ್ರಿ ಮಲಗಿದಾಗ ಅದು ಬಿಗಿಯುತ್ತದೆ, ಬೆಳಿಗ್ಗೆ ಒಮ್ಮೆಗೇ ಎಳೆದಾಗ ಚೀರುತ್ತದೆ. ಆದ್ದರಿಂದ ಹಾಸಿಗೆಯಿಂದ ಇಳಿಯುವ ಮೊದಲೇ ಬೆರಳುಗಳನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದುಕೊಳ್ಳಬೇಕು. ಗೋಡೆಗೆ ಕೈಕೊಟ್ಟು ಮೀನಖಂಡ ಚಾಚಬೇಕು. ಬರಿಗಾಲಲ್ಲಿ ಮನೆಯೊಳಗೂ ಓಡಾಡಬಾರದು. ದಪ್ಪ ಮೆತ್ತನೆಯ ಅಟ್ಟೆಯ ಬೂಟೇ ಆಗಬೇಕು. ಮತ್ತೆ, ತಾಳ್ಮೆ ಬೇಕು.

ತಾಳ್ಮೆ ಎನ್ನುವುದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಮಾನೊಲ್ ಕೇಳಲಿಲ್ಲ. ಹೇಳಿದ್ದನ್ನೆಲ್ಲ ಮಾಡಿದ. ಅಂಗಡಿಯ ಗೋಡೆ ತಳ್ಳುತ್ತ ನಿಂತ ಅವನನ್ನು ನೋಡಿ ಗಿರಾಕಿಗಳು ಕಟ್ಟಡ ಬೀಳುತ್ತಿದೆಯೇ ಎಂದು ವಿಚಾರಿಸಿದರು. ಹಿಮ ಕರಗಿತು, ಚೆರಿ ಹೂಬಿಟ್ಟು ಹಣ್ಣಾಯಿತು. ಈಗ, ಜೂನ್ ತಿಂಗಳ ಈ ಬೆಳಿಗ್ಗೆ, ನೋವು ಹೋಗಿತ್ತು.

ಕುಣಿದ ಸದ್ದಿಗೆ ಸೇವ್ದಾ ಬಾಗಿಲಿಗೆ ಬಂದಳು. ವಿಷಯ ತಿಳಿದು ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಕೇಳಿದಳು:

"ಡಾಕ್ಟರಮ್ಮನಿಗೆ ಏನು ಕೊಟ್ರಿ?"

"ಕೊಡೋದೇನು? ಅವತ್ತೇ ಥ್ಯಾಂಕ್ಸ್ ಹೇಳಿದೀನಲ್ಲ."

"ಅವತ್ತು ನೋವಿತ್ತು. ನೋವಿದ್ದಾಗ ಹೇಳಿದ್ದು ಥ್ಯಾಂಕ್ಸ್ ಅಲ್ಲ, ಅರ್ಜಿ."

ನಿಜ ಹೇಳಬೇಕೆಂದರೆ ಮಾನೊಲ್‌ನ ಮನಸ್ಸೂ ತುಂಬಿತ್ತು. ಒಂದು ಡಬ್ಬಿ ಚಾಕೊಲೇಟು ಕೊಟ್ಟು ಬರೋಣವೆಂದ. ಸೇವ್ದಾ ಅವನ ಮುಖವನ್ನೊಮ್ಮೆ ನೋಡಿ ನೆಲಮಾಳಿಗೆಗೆ ಇಳಿದು, ಹಬ್ಬಕ್ಕೆಂದು ಇಟ್ಟಿದ್ದ ಕುರಿಹಾಲಿನ ಚೀಸಿನ ಇಡೀ ಗಾಲಿಯನ್ನು ಎತ್ತಿಕೊಂಡು ಬಂದಳು. ಅದು ನಿಜಕ್ಕೂ ಗಾಲಿಯೇ, ಒಂದು ಗಾಡಿಗೆ ಹಾಕಬಹುದಿತ್ತು. ಅದರ ಬೆನ್ನಿಗೇ ಅವನ ಕರೀ ಬೂಟೂ ಬಂತು. ಮದುವೆ, ನಾಮಕರಣ, ಶವಸಂಸ್ಕಾರಗಳಿಗೆ ಮಾತ್ರ ಹೊರಬೀಳುತ್ತಿದ್ದ, ಹಲಗೆಯಂಥ ಅಟ್ಟೆಯ ಬೂಟು. ಡಾಕ್ಟರಮ್ಮ ಮೆತ್ತನೆ ಬೂಟು ಹಾಕಲು ಹೇಳಿದ್ದಾರೆಂದು ಮಾನೊಲ್ ನೆನಪಿಸಿದ.

"ಅದು ಕಾಯಿಲೆಯಿದ್ದಾಗ. ವಾಸಿಯಾದವನು ಕಾಲಿಗೆ ಡಬಲ್ ರೊಟ್ಟಿ ಕಟ್ಕೊಂಡು ಹೋದ್ರೆ ಯಾರು ನಂಬ್ತಾರೆ?"

ಈ ಮಾತು ಅಂಗಳದಲ್ಲಿ ನಡೆದದ್ದೇ ತಪ್ಪಾಯಿತು. ಬೇಲಿಯ ಆಚೆಯಿಂದ ಶಿಂಕಾ ಅಜ್ಜಿಯ ತಲೆವಸ್ತ್ರ ಮೇಲೆದ್ದಿತು. ಹಿಮ್ಮಡಿ ವಾಸಿಯಾಯಿತೆಂದು ಕೇಳಿ ಅವಳು ಬೆರಗಾಗಲೇ ಇಲ್ಲ. ಎಲೆಕೋಸು ಕೆಲಸ ಮಾಡಲು ಆರು ತಿಂಗಳು ಬೇಕೇ ಬೇಕೆಂದು ತನಗೆ ಮೊದಲೇ ಗೊತ್ತಿತ್ತಂತೆ. ಡಾಕ್ಟರ ಪಾಲೂ ಸ್ವಲ್ಪ ಇದೆಯೆಂದು ಮಾನೊಲ್ ಮೆಲ್ಲಗೆ ಹೇಳಿದ. ಅಜ್ಜಿ ಧಾರಾಳಿ, ಒಪ್ಪಿದಳು. ಹೋಗಲಿ, ಆ ಹುಡುಗಿಗೆ ನನ್ನದೂ ಒಂದು ಕಾಣಿಕೆ ಇರಲಿ ಎಂದು ಒಳಗೆ ಹೋದವಳು ಬುಟ್ಟಿಯಲ್ಲಿ ಒಂದು ಜೀವಂತ ಹುಂಜ ಕೂರಿಸಿ, ಮೇಲೆ ಬಟ್ಟೆ ಕಟ್ಟಿ ತಂದಳು.

ಹುಂಜ ಕೂಗಿದ್ದಕ್ಕೆ ಝಪ್ರಿನ್ ಎಚ್ಚೆತ್ತ. ಅವನು ಬೀದಿ ದಾಟಿ ಬಂದು, ಚೀಸು ನೋಡಿದ, ಹುಂಜ ನೋಡಿದ, ಅವಮಾನವಾದವನಂತೆ ನಿಂತ.

"ಡಾಕ್ಟರಮ್ಮ ಒಳ್ಳೇವಳೇ, ಇಲ್ಲ ಅನ್ನಲ್ಲ. ಆದ್ರೆ ಮಾನೊಲಣ್ಣ, ಆಕೆ ಹೊರಗಿಂದ ನೋಡಿದ್ದು. ಒಳಗಿಂದ ಕೆಲ್ಸ ಮಾಡಿದ್ದು ಯಾರು?"

ಒಳಗಿಂದ ಕೆಲಸ ಮಾಡಿದ ರಕಿಯಾ ಬೆತ್ತದ ಹೆಣಿಗೆಯ ದೊಡ್ಡ ಸೀಸೆಯಲ್ಲಿ ಬಂತು. ಹೀಗೆ ಮಾನೊಲ್ ಬೆನ್ನಿಗೆ ಚೀಸು, ಒಂದು ಕೈಗೆ ಹುಂಜ, ಇನ್ನೊಂದು ಕೈಗೆ ರಕಿಯಾ, ಕಾಲಿಗೆ ಹಲಗೆ ಕಟ್ಟಿಕೊಂಡು, ಬೀದಿಯ ಹರಕೆಯನ್ನೆಲ್ಲ ಹೊತ್ತು ಯಾತ್ರೆಗೆ ಹೊರಟವನಂತೆ ಕೆಳಕೇರಿಗೆ ಇಳಿದ. ಭಾರವಿದ್ದರೂ ಅವನಿಗೆ ಖುಷಿಯಾಗಿತ್ತು. ಕಲ್ಲುಹಾಸಿನ ಇಳಿಜಾರಿನಲ್ಲಿ ಎರಡೂ ಕಾಲು ಸಮನಾಗಿ ಊರಿ ನಡೆದು ಎಷ್ಟು ಕಾಲವಾಗಿತ್ತು. ಎದುರು ಸಿಕ್ಕವರಿಗೆಲ್ಲ ತಾನಾಗಿಯೇ ಹೇಳಿದ, ಕಾಲು ವಾಸಿಯಾಯಿತು ಎಂದು. ಅವರೆಲ್ಲ ಹುಂಜವನ್ನು ನೋಡುತ್ತ ತಲೆಯಾಡಿಸಿದರು.

ಆಸ್ಪತ್ರೆಯ ಕಿಟಕಿಯಲ್ಲಿ ಕೂತಿದ್ದ ಹೆಂಗಸು ಇವತ್ತು ಡಾಕ್ಟರ್ ರುಸೇವಾಗೆ ರಜೆ ಎಂದಳು. ಮನೆ ಎಲ್ಲೆಂದು ಕೇಳಿದರೆ, ಮೇಲ್ಕೇರಿಯಲ್ಲಿ, ಇಗರ್ಜಿಯ ಹಿಂದೆ, ಇನ್ನೇನು ಆಕಾಶ ಶುರುವಾಗುವ ಕಡೆ ಎಂದು ಪೆನ್ನಿನಿಂದ ಮೇಲಕ್ಕೆ ತೋರಿಸಿದಳು.

ಮೇಲ್ಕೇರಿಗೆ ಬಸ್ಸು ನಿಂತಿತ್ತು. ಚಾಲಕ ಮಾನೊಲ್‌ನ ಹಳೆಯ ಗಿರಾಕಿಯೇ. ಆದರೂ ಬಾಗಿಲಿಗೆ ಅಡ್ಡ ಕೈಯಿಟ್ಟು ಧರ್ಮಸೂಕ್ಷ್ಮ ಹೇಳಿದ: ಚೀಸು ಹತ್ತಬಹುದು, ರಕಿಯಾ ಧಾರಾಳವಾಗಿ ಹತ್ತಬಹುದು, ಹುಂಜ ಇಳಿಯಬೇಕು. ಕಳೆದ ವಾರ ಯಾರದೋ ಬಾತುಕೋಳಿ ತಪ್ಪಿಸಿಕೊಂಡು ಸ್ಟೀರಿಂಗಿನ ಮೇಲೆ ಕೂತಿತ್ತಂತೆ. ಶಿಂಕಾ ಅಜ್ಜಿಯ ಹುಂಜವನ್ನು ಬೀದಿಯಲ್ಲಿ ಬಿಟ್ಟು ಹೋಗುವ ಧೈರ್ಯ ಮಾನೊಲ್‌ಗಿರಲಿಲ್ಲ. ಬಸ್ಸು ಹೋಯಿತು, ಅವನು ಹತ್ತತೊಡಗಿದ.

ಅರ್ಧ ದಾರಿಯಲ್ಲಿ ಕಲ್ಲಿನ ತೊಟ್ಟಿಗೆ ಸುರಿಯುವ ಊರಿನ ಚಿಲುಮೆ. ಮುಖ ತೊಳೆಯಲು ಮಾನೊಲ್ ಬುಟ್ಟಿ ಕೆಳಗಿಟ್ಟ. ಇಂಥ ಗಳಿಗೆಗಾಗಿಯೇ ಕಾದಿದ್ದ ಹುಂಜ ಬಟ್ಟೆಯನ್ನು ಸರಿಸಿ, ಹೊಸದಾಗಿ ಚುನಾಯಿತನಾದ ಮೇಯರನ ಹಾಗೆ ಎದೆಯುಬ್ಬಿಸಿ ಹೊರಬಂತು. ತೊಟ್ಟಿಯ ಅಂಚು, ಅಲ್ಲಿಂದ ಯಾರದೋ ತೋಟದ ಕಲ್ಲುಗೋಡೆ. ಮಾನೊಲ್ ಮೊದಲು ಪ್ರೀತಿಯಿಂದ ಕರೆದ, ಆಮೇಲೆ ಬೈದ, ಕೊನೆಗೆ ಗೋಡೆ ಹತ್ತಿದ. ಐವತ್ತೆಂಟು ವರ್ಷದ ಕ್ಷೌರಿಕ, ಮದುವೆಯ ಬೂಟು, ಪಾಚಿಗಟ್ಟಿದ ಗೋಡೆ. ಹುಂಜ ಆಚೆಯ ಓಣಿಗೆ ಹಾರಿತು. ಹಿಂದೆಯೇ ಅವನೂ ಹಾರಿದ.

ಹುಂಜದ ಕಾಲು ಅವನ ಕೈಗೆ ಸಿಕ್ಕಿತು. ಅದೇ ಹೊತ್ತಿಗೆ ಅವನ ಕಾಲು ಕಲ್ಲಿಗೆ ಸಿಕ್ಕಿತು. ಎಡ ಹಿಮ್ಮಡಿಯೊಳಗೆ ಏನೋ ಚುರ್ ಎಂದು ಹರಿದಂತಾಗಿ, ಕಣ್ಣಲ್ಲಿ ನೀರು ಬಂತು.

ಮಾನೊಲ್ ಹುಂಜವನ್ನು ಅಪ್ಪಿಕೊಂಡು ಹೇಗೋ ಚಿಲುಮೆಗೆ ಮರಳಿ ಅದರ ಕಟ್ಟೆಯ ಮೇಲೆ ಬಹಳ ಹೊತ್ತು ಕೂತ. ಎದ್ದು ಒಂದು ಹೆಜ್ಜೆಯಿಟ್ಟ. ಮೊಳೆ ಅಲ್ಲೇ ಇತ್ತು. ಹಿಂದಕ್ಕೆ ಹೋಗೋಣವೇ? ಕೊಟ್ಟ ಹುಂಜ ವಾಪಸು ಬಂದರೆ ಶಿಂಕಾ ಅಜ್ಜಿ ಜನ್ಮದಲ್ಲಿ ಮಾತಾಡುವುದಿಲ್ಲ. ಅದು ಒಳ್ಳೆಯದೇ, ಆದರೆ ಸೇವ್ದಾ ಮಾತಾಡುತ್ತಾಳೆ. ಮುಂದಕ್ಕೆ ಹೋಗೋಣವೇ? ಕಾಲು ವಾಸಿಯಾಯಿತು ಎಂದು ಹೇಳಲು ಕುಂಟುತ್ತ ಹೋಗುವುದು ಹೇಗೆ? ಕೊನೆಗೆ ಅವನಿಗನ್ನಿಸಿತು, ಬೆಳಿಗ್ಗೆ ಕಾಲು ವಾಸಿಯಾಗಿದ್ದದ್ದಂತೂ ನಿಜ. ಆ ಬೆಳಿಗ್ಗೆಯ ಋಣ ಹಾಗೇ ಉಳಿದಿದೆ. ಅವಳ ಮನೆಯಲ್ಲಿ ಹತ್ತು ಹೆಜ್ಜೆ ನೆಟ್ಟಗೆ ನಡೆದುಬಿಟ್ಟರೆ ಸಾಕು, ಉಳಿದದ್ದು ದೇವರಿಗೂ ಹಿಮ್ಮಡಿಗೂ ಬಿಟ್ಟದ್ದು.

ಆಕಾಶ ಶುರುವಾಗುವ ಕಡೆ ಬಾಗಿಲು ತೆರೆದೇ ಇತ್ತು. ಅಂಗಳದ ತುಂಬ ರಟ್ಟಿನ ಪೆಟ್ಟಿಗೆಗಳು. ಡಾಕ್ಟರ್ ರುಸೇವಾ ಹಳೆಯ ಅಂಗಿ ತೊಟ್ಟು ಪುಸ್ತಕಗಳಿಗೆ ಹಗ್ಗ ಬಿಗಿಯುತ್ತಿದ್ದಳು. ಅವಳ ತಾಯಿ ವಾಲ್ನಟ್ ಮರದ ಕೆಳಗೆ ಪಿಂಗಾಣಿಗಳನ್ನು ಕಾಗದದಲ್ಲಿ ಸುತ್ತುತ್ತ, ಯಾರು ಬಂದರೆಂದು ತಲೆಯೆತ್ತಿದಳು. ಮೊದಲು ಕಂಡದ್ದು ಹುಂಜ.

ಮಾನೊಲ್ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ. ಹಿಮ್ಮಡಿ ವಾಸಿಯಾಗಿದೆ, ಚೀಸು ಹೆಂಡತಿಯದು, ಹುಂಜ ಪಕ್ಕದ ಮನೆಯದು, ರಕಿಯಾ ಎದುರುಮನೆಯದು, ಕೃತಜ್ಞತೆ ಮಾತ್ರ ತನ್ನದು.

ಡಾಕ್ಟರ್ ಹಗ್ಗ ಕೈಬಿಟ್ಟಳು.

"ನೋವಿದ್ದಾಗ ಎಲ್ರೂ ಬರ್ತಾರೆ," ಎಂದಳು. "ಹೋದ ಮೇಲೆ ಬಂದವರು ನೀವೇ ಮೊದಲು."

ತಾಯಿ ಮಧ್ಯೆ ಬಂದಳು. ಅವಳಿಂದಲೇ ಮಾನೊಲ್‌ಗೆ ವಿಷಯ ತಿಳಿದದ್ದು. ವಾರ್ನಾದ ದೊಡ್ಡ ಆಸ್ಪತ್ರೆಯಿಂದ ಮಗಳಿಗೆ ಕರೆ ಬಂದಿದೆ, ಸಂಜೆಯೊಳಗೆ ಉತ್ತರ ಹೇಳಬೇಕು. ಸಮುದ್ರದ ಊರು, ಸಪಾಟು ರಸ್ತೆ. ಇಲ್ಲಿ ಇದ್ದು ಏನು ಸುಖ? ಇಡೀ ಚಳಿಗಾಲ ಗಂಟಲು ಹರಿದುಕೊಂಡರೂ ಇವಳು ಹೇಳಿದ ಒಂದನ್ನೂ ಯಾರೂ ಮಾಡಲಿಲ್ಲ, ಊರಿಗೆ ಊರೇ ಎಲೆಕೋಸಿನ ಶಿಷ್ಯರು. ಪೆಟ್ಟಿಗೆಗಳೇನೋ ತುಂಬುತ್ತಿದ್ದವು, ಆದರೆ ಮಗಳು ಇನ್ನೂ ಹೂಂ ಅಂದಿಲ್ಲ ಎಂಬುದು ತಾಯಿಯ ದನಿಯಲ್ಲೇ ಗೊತ್ತಾಗುತ್ತಿತ್ತು.

"ಇವರು ಮಾಡಿದಾರಲ್ಲಮ್ಮ," ಎಂದಳು ಡಾಕ್ಟರ್. ಮಾನೊಲ್‌ನ ಕಡೆ ತಿರುಗಿದಳು. "ಒಂದ್ಸಲ ನಡೆದು ತೋರಿಸ್ತೀರಾ? ಅಮ್ಮ ನೋಡ್ಲಿ."

ಮಾನೊಲ್‌ಗೆ ಇದು ಬರೀ ಹತ್ತು ಹೆಜ್ಜೆಯ ಮಾತಾಗಿ ಉಳಿದಿರಲಿಲ್ಲ. ತಾನು ಕುಂಟಿದರೆ ಊರು ಒಬ್ಬ ಡಾಕ್ಟರನ್ನು ಕಳೆದುಕೊಳ್ಳುತ್ತದೆ. ಅವನು ಭಾರಗಳನ್ನು ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ವಾಲ್ನಟ್ ಮರದಿಂದ ಗೋಡೆಯ ಕಡೆಗೆ ಹೊರಟ. ಪ್ರತಿ ಹೆಜ್ಜೆಗೂ ಮೊಳೆ ಮೊಣಕಾಲಿನವರೆಗೆ ಏರಿ ಇಳಿಯಿತು. ಅವನು ನಕ್ಕ. ರಾಜನ ಮುಂದೆ ಕವಾಯತು ಮಾಡುವ ಸಿಪಾಯಿಗೆ ಬೂಟಿನೊಳಗೆ ಚೇಳು ಹೊಕ್ಕರೆ ಹೇಗೆ ನಗಬೇಕೋ ಹಾಗೆ ನಕ್ಕ. ಗೋಡೆ ಮುಟ್ಟಿ ತಿರುಗಿದ. ಹಿಂದಕ್ಕೆ ಬರುವಾಗ ಸುಮ್ಮನೆ ಬರಲಾರದೆ ಸಣ್ಣಗೆ ಒಂದು ಹಾಡನ್ನೂ ಗುನುಗಿದ. ಹುಂಜ ಕೂಡ ಕತ್ತು ಓರೆಮಾಡಿ ನೋಡುತ್ತಿತ್ತು.

ಡಾಕ್ಟರ್ ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ತಾಯಿಯ ಕೈಯಿಂದ ಪಿಂಗಾಣಿ ಬಟ್ಟಲು ತೆಗೆದುಕೊಂಡು ಕಾಗದ ಬಿಚ್ಚಿದಳು.

"ವಾರ್ನಾಗೆ ಬೇಡಮ್ಮ. ಇಲ್ಲೇ ಇರ್ತೀನಿ."

ತಾಯಿ ಮಾನೊಲ್‌ನ ಕಡೆ ಎಸೆದ ನೋಟದಲ್ಲಿ ಹುಂಜದ ಹಣೆಬರಹವೂ ಬರೆದಿತ್ತು. ಆದರೂ ಮರ್ಯಾದೆಯ ಮನೆ, ಬಂದ ಬುಟ್ಟಿ ಬರಿದಾಗಿ ಹೋಗಬಾರದು. ಸಿಡುಕುತ್ತಲೇ ಅದರ ತುಂಬ ವಾಲ್ನಟ್ ಸುರಿದಳು. ಮಾನೊಲ್ ಇಬ್ಬರಿಗೂ ನಮಸ್ಕರಿಸಿ, ಎದೆಯೊಳಗೆ ಹೂವರಳಿದಂತೆ, ಹಿಮ್ಮಡಿಯೊಳಗೆ ಬೆಂಕಿ ಬಿದ್ದಂತೆ ಬಾಗಿಲ ಕಡೆ ನಡೆದ. ಡಾಕ್ಟರ್ ಬೀಳ್ಕೊಡಲು ಜೊತೆಗೆ ಬಂದಳು. ತಾಯಿಗೆ ಕೇಳಿಸದಷ್ಟು ದೂರವಾದ ಮೇಲೆ ಮೆಲುದನಿಯಲ್ಲಿ ಕೇಳಿದಳು:

"ಎಡಗಾಲು ತಾನೆ?"

ಮಾನೊಲ್ ನಿಂತಲ್ಲೇ ನಿಂತ. ಸುಳ್ಳು ಹೇಳೋಣವೆಂದರೆ ಕಾಲು ಆಗಲೇ ಒಪ್ಪಿಕೊಂಡಿತ್ತು. ಯಾವಾಗ ಗೊತ್ತಾಯಿತೆಂದು ಕೇಳಿದ.

"ನೀವು ಮರದಿಂದ ಗೋಡೆಯ ಕಡೆ ಮೊದಲ ಹೆಜ್ಜೆ ಇಟ್ಟಾಗಲೇ. ನನ್ನ ಕಸುಬು ಅದೇ ಅಲ್ವಾ?"

"ಮತ್ತೆ... ಇರ್ತೀನಿ ಅಂದ್ರಲ್ಲ?" ಅವನು ಬುಟ್ಟಿ ಕೆಳಗಿಟ್ಟ. "ಬೆಳಿಗ್ಗೆ ನಿಜವಾಗ್ಲೂ ನೋವಿರ್ಲಿಲ್ಲ ಡಾಕ್ಟರಮ್ಮ. ಹುಂಜ ಗೋಡೆ ಹಾರ್ತು, ನಾನೂ ಹಾರಿದೆ."

"ವಾಸಿಯಾದ ಹಿಮ್ಮಡಿಗಳು ವಾರ್ನಾದಲ್ಲೂ ಸಿಗ್ತಾವೆ," ಎಂದಳು ಅವಳು. "ಅಮ್ಮನ ಎದುರು ನಾನು ಸೋತ ಹಾಗೆ ಆಗ್ಬಾರದು ಅಂತ ಇಷ್ಟು ನೋವಲ್ಲಿ ಹಾಡು ಹೇಳ್ಕೊಂಡು ನಡೆಯೋರು ಅಲ್ಲಿ ಸಿಗಲ್ಲ."

ಉತ್ತರ ಹೇಳುವ ಅವಕಾಶವನ್ನು ಅವಳು ಕೊಡಲಿಲ್ಲ. ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಕರೀ ಬೂಟುಗಳನ್ನು ಬಿಚ್ಚಿ, ಸತ್ತ ಇಲಿಗಳನ್ನು ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಇವು ಇನ್ನು ನನ್ನ ಹತ್ತಿರವೇ ಇರಲಿ ಎಂದಳು. ಸಣ್ಣಗೆ ಹರಿದಿರಬಹುದು, ಹೆದರಬೇಡಿ, ದಾರಿ ಗೊತ್ತಿರುವುದರಿಂದ ಈ ಸಲ ಅಷ್ಟು ತಿಂಗಳು ಹಿಡಿಯಲಾರದು, ನಾಳೆ ಬೆಳಿಗ್ಗೆಯಿಂದ ಮತ್ತೆ ಮೊದಲಿನಿಂದ ಶುರು ಎಂದಳು. ಆಮೇಲೆ ತನ್ನ ಕಾಲಲ್ಲಿದ್ದ ದಪ್ಪ ಮೆತ್ತನೆ ಅಟ್ಟೆಯ ಮನೆಚಪ್ಪಲಿಗಳನ್ನು ಕಳಚಿ ಅವನಿಗೆ ತೊಡಿಸಿದಳು. ಅವು ಗುಲಾಬಿ ಬಣ್ಣದವು. ಮುಂದೆ ಉಣ್ಣೆಯ ಒಂದೊಂದು ಚೆಂಡೂ ಇತ್ತು.

"ಈ ಸಲ ವಾಸಿಯಾದ್ರೆ ನೀವು ಬರ್ಬೇಡಿ," ಎಂದಳು. "ನಾನೇ ಬರ್ತೀನಿ."

ಹುಂಜವಿಲ್ಲದ್ದರಿಂದ ಬಸ್ಸಿನ ಚಾಲಕ ಆಕ್ಷೇಪಿಸಲಿಲ್ಲ. ಗುಲಾಬಿ ಚೆಂಡುಗಳನ್ನು ನೋಡಿ ಏನೋ ಕೇಳಬೇಕೆಂದು ಬಾಯಿ ತೆರೆದವನು, ಮಾನೊಲ್‌ನ ಮುಖದಲ್ಲಿದ್ದ ಶಾಂತಿಗೆ ಬೆದರಿ ಮುಚ್ಚಿಕೊಂಡ. ಕಾಲು ಉರಿಯುತ್ತಿತ್ತು, ನಿಜ. ಆದರೆ ಕಿಟಕಿಯಾಚೆ ಊರು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತಿದ್ದಾಗ, ಅದರ ಹಿಮ್ಮಡಿಗಳಿಗೆಲ್ಲ ಒಬ್ಬ ಡಾಕ್ಟರನ್ನು ಉಳಿಸಿಕೊಟ್ಟವನು ತಾನು ಎಂದು ನೆನೆದು ಅವನಿಗೆ ಒಳಗೊಳಗೇ ನಗು ಬರುತ್ತಿತ್ತು. ದೇವರಿಗೆ, ಸೇವ್ದಾಳಿಗೆ, ಹುಂಜಕ್ಕೆ ಕೂಡ ಅವನು ಮನಸ್ಸಿನಲ್ಲೇ ವಂದಿಸಿದ.

ಬೀದಿಯ ಬೆಂಚಿನ ಮೇಲೆ ಮೂವರೂ ಕಾದು ಕೂತಿದ್ದರು. ಮಾನೊಲ್ ತಿರುವಿನಲ್ಲಿ ಕಾಣಿಸಿದ. ಅವನು ಕುಂಟುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಮೂರು ಜೊತೆ ಕಣ್ಣುಗಳೂ ಗುಲಾಬಿ ಚಪ್ಪಲಿಯ ಮೇಲೇ ಇದ್ದವು. ಬೂಟು ಎಲ್ಲಿ ಎಂದು ಝಪ್ರಿನ್ ಕೇಳಿದ.

"ಡಾಕ್ಟರಮ್ಮನ ಹತ್ರ," ಎಂದ ಮಾನೊಲ್.

ಝಪ್ರಿನ್ ನಿಧಾನವಾಗಿ ಟೊಪ್ಪಿ ತೆಗೆದ. ಶಿಂಕಾ ಅಜ್ಜಿ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. ನಾವೆಲ್ಲ ಮನೆಯಲ್ಲಿದ್ದದ್ದನ್ನು ಕೊಟ್ಟೆವು, ಇವನು ಕಾಲಲ್ಲಿದ್ದದ್ದನ್ನೇ ಬಿಚ್ಚಿ ಕೊಟ್ಟು ಬಂದನಲ್ಲ ಎಂದಳು. ಹಾಗಲ್ಲ, ನಡೆದದ್ದೇ ಬೇರೆ ಎಂದು ಮಾನೊಲ್ ಎರಡು ಸಲ ಶುರುಮಾಡಿದ. ಆದರೆ ಅಷ್ಟು ಹೊತ್ತಿಗೆ ಸೇವ್ದಾ ಬಗ್ಗಿ ಅವನ ಎಡಗಾಲಿನ ಚಪ್ಪಲಿಯನ್ನು ಕಳಚಿ, ತಿರುಗಿಸಿ, ಹೊಲಿಗೆಯನ್ನು ಬೆಳಕಿಗೆ ಹಿಡಿದಿದ್ದಳು.

"ಕೈಹೊಲಿಗೆ. ಒಳ್ಳೇ ಉಣ್ಣೆ," ಎಂದಳು ಮೆಲ್ಲಗೆ. "ಪುಣ್ಯಾತ್ಗಿತ್ತಿ ತನ್ನ ಕಾಲಲ್ಲಿದ್ದದ್ದನ್ನೇ ಕೊಟ್ಟಿದಾಳೆ. ಇದನ್ನ ಹೀಗೇ ಇಟ್ಕೊಂಡು ಸುಮ್ನಿರೋಕಾಗುತ್ತಾ? ಭಾನುವಾರ ಹೋಗಿ ಬನ್ನಿ."

ಅಜ್ಜಿ ಇದಕ್ಕೆ ಏನು ಸರಿಹೋಗುತ್ತದೆಂದು ಯೋಚನೆಗೆ ಬಿದ್ದಳು. ಝಪ್ರಿನ್ ಟೊಪ್ಪಿಯನ್ನು ಮತ್ತೆ ತಲೆಗಿಟ್ಟುಕೊಂಡು, ತನ್ನ ತಮ್ಮನ ಮನೆಯಲ್ಲಿ ಒಂದು ಕೊಬ್ಬಿದ ಟಗರುಮರಿ ಇದೆ ಎಂದ. ಒಂಟಿಕಾಲಲ್ಲಿ ನಿಂತಿದ್ದ ಮಾನೊಲ್ ಬೇಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಯೋಚ್ನೆ ಮಾಡ್ಬೇಡ ಮಾನೊಲಣ್ಣ," ಎಂದು ಝಪ್ರಿನ್ ಅವನ ಭುಜ ತಟ್ಟಿದ. "ಇದನ್ನ ಹೊರೋದೇನೂ ಬೇಡ. ತಾನೇ ಮುಂದೆ ಓಡುತ್ತೆ, ನೀನು ಹಗ್ಗ ಹಿಡ್ಕೊಂಡು ಹಿಂದೆ ಓಡಿದ್ರೆ ಆಯ್ತು."